ಅವಶೇಷಗಳ ದನಿ

ಭೂಕಂಪವಾದ ಊರುಗಳಲ್ಲಿ ಈಗೀಗ ಸತ್ತವರ ದನಿಯೂ ಕೆಲವು ದಿನ ಅವಶೇಷಗಳಡಿಯಿಂದ ಕೂಗುತ್ತಿರುತ್ತದೆ. ಅದು ಹೇಳಿದ್ದನ್ನೇ ಹೇಳುತ್ತದೆ. ಕೇಳಿದ್ದಕ್ಕೆ ಉತ್ತರ ಕೊಟ್ಟವರು ಮಾತ್ರ ಬದುಕಿರುವವರು. ಹಾಗಾಗಿ ಪರಿಹಾರದ ಕೆಲಸ ನಡೆಸುತ್ತಿದ್ದ ಕಸ್ತೂರಿ ಕುಸಿದ ಪ್ರತಿ ಮನೆಯ ಮುಂದೆಯೂ ಮಂಡಿಯೂರಿ, "ನಿನ್ನೆ ಏನ್ ಉಂಡ್ರಿ?" ಎಂದು ಕೇಳುತ್ತಿದ್ದಳು.

ತನ್ನ ಮನೆಯ ಮುಂದೆಯೂ ಕೇಳಿದಳು.

"ಅವ್ವಾ, ಬಾಗಲಾ ತೆಗಿ," ಎಂದಿತು ಮಗಳು ಗೌರಾಳ ದನಿ.

"ಏನ್ ಉಂಡಿ, ಗೌರಾ?"

"ಅವ್ವಾ, ಬಾಗಲಾ ತೆಗಿ."

ಕ್ರೇನ್ ಇದ್ದದ್ದು ಒಂದೇ. ಚಾಲಕ ಹುಸೇನಸಾಬ ತಲೆ ತಗ್ಗಿಸಿ, "ಮೊದ್ಲ ಇಲ್ಲೇ ತೆಗೀತೀನ್ರೀ, ಯಾರೂ ಏನೂ ಅನ್ನಂಗಿಲ್ಲ," ಎಂದ.

ಎದುರು ಮನೆಯಡಿಯಿಂದ ಮುದುಕನೊಬ್ಬ, "ರೊಟ್ಟಿ ಉಂಡೀನವಾ, ಜಲ್ದಿ ಬರ್ರಿ," ಎಂದು ಕೂಗಿದ.

"ಅಲ್ಲಿಗೆ ನಡಿ," ಎಂದಳು ಕಸ್ತೂರಿ.

ಮುದುಕ ಜೀವಂತವಾಗಿ ಹೊರಬಂದ. ಮುಂದಿನ ಓಣಿಗೆ ಹೊರಡುವ ಮೊದಲು ಅವಳು ತನ್ನ ಮನೆಯ ಕಲ್ಲುಗಳ ಸಂದಿಗೆ ಬಾಯಿಟ್ಟು, "ತೆಗೀತೀನಿ ತಡಿ, ಕಂದಾ," ಎಂದಳು.