ಕ್ವಾಂಟಂ ಪರೀಕ್ಷೆ, ಚಾ ಸಹಿತ

ಸುಧಾರಾಣಿಗೆ ಈಗೀಗ ಹೆದರಿಕೆ ಹುಟ್ಟಿದ್ದು ತನ್ನ ಬಲಗೈಯ ತೋರುಬೆರಳಿನ ಬಗ್ಗೆ. ಅವಳು ಯೋಚಿಸುವ ಮೊದಲೇ ಅದು ತನ್ನ ಕೆಲಸ ಮುಗಿಸಿರುತ್ತಿತ್ತು. ಬೆಳಿಗ್ಗೆ ಹಾವೇರಿಯಿಂದ ಬರುವ ಬಸ್ಸಿನಲ್ಲಿ ಡೈರಿ ತೆಗೆದು ಇಷ್ಟನ್ನೇ ಬರೆದಿದ್ದಳು: 'ನಿನ್ನೆ ಏಳು ಸಲ. ಒಂದು ಸಲವೂ ಕೈ ನಡುಗಲಿಲ್ಲ. ಅದೇ ಚಿಂತೆ.'

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಪ್ರಭುಲಿಂಗಪ್ಪನ ಅಂಗಡಿಯ ಒಳಕೋಣೆಯಲ್ಲಿ ಎ.ಸಿ. ಹದಿನಾರು ಡಿಗ್ರಿಗೆ ಓಡುತ್ತಿತ್ತು. ಇಂಥ ಮಶಿನ್ನಿಗೆ ತಂಪು ಬೇಕೆಂದು ಅವನು ಎಲ್ಲಿಯೋ ಕೇಳಿದ್ದ. ಗೋಡೆಯ ಮೇಲೊಂದು ಫ್ಲೆಕ್ಸು. ತಲೆಕೆಳಗಾಗಿ ತೂಗುಬಿಟ್ಟ ಬಂಗಾರದ ದೀಪಗುಚ್ಛದಂಥ ಕ್ವಾಂಟಂ ಕಂಪ್ಯೂಟರಿನ ಚಿತ್ರ. ಅದರ ಹಣೆಗೆ ಕುಂಕುಮ, ಕೊರಳಿಗೆ ಪ್ಲಾಸ್ಟಿಕ್ಕಿನ ಚೆಂಡುಹೂವಿನ ಹಾರ. ಹಣೆ ಯಾವುದು, ಕೊರಳು ಯಾವುದು ಎಂದು ನಿರ್ಧರಿಸಿದವನೂ ಪ್ರಭುಲಿಂಗಪ್ಪನೇ. ಕೆಳಗೆ ದಪ್ಪಕ್ಷರದಲ್ಲಿ: 'ಕ್ವಾಂಟಂ ಬಣ್ಣ ಪರೀಕ್ಷೆ, ಸಂಪೂರ್ಣ ಉಚಿತ.' ಮೇಜಿನ ಮೇಲಿದ್ದದ್ದು ಮಾತ್ರ ಕುಕ್ಕರಿನಷ್ಟು ದೊಡ್ಡ ಪೆಟ್ಟಿಗೆ. ಒಳಗೊಂದು ಬಲ್ಬು, ಹೊರಗೊಂದು ಅಂಕಿ ತೋರಿಸುವ ಗಾಜು.

ಕ್ವಾಂಟಂ ಕಂಪ್ಯೂಟರಿನ ಜೀವಾಳವಾದ ಕ್ಯೂಬಿಟ್ಟು ನಿಜಕ್ಕೂ ಹೇಗಿರುತ್ತದೆಂದು ಆ ಅಂಗಡಿಯಲ್ಲಿ ಗೊತ್ತಿದ್ದವಳು ಸುಧಾರಾಣಿ ಒಬ್ಬಳೇ. ಎಂ.ಎಸ್ಸಿ.ಯಲ್ಲಿ ಅವಳ ಪ್ರಾಜೆಕ್ಟು ಅದರದೇ. ಬಾಹ್ಯಾಕಾಶಕ್ಕಿಂತ ತಣ್ಣಗಿನ ಜಾಗದಲ್ಲಿ ಕೂರುವ, ಉಗುರಿಗಿಂತ ಚಿಕ್ಕ ಲೋಹದ ಸರ್ಕ್ಯೂಟು. ಅದನ್ನು ನಡೆಸಲು ಒಂದು ತರಂಗ, ಓದಲು ಬೇರೊಂದು. ಓದುವಾಗ ನೇರ ಮುಟ್ಟುವಂತಿಲ್ಲ. ಪಕ್ಕದ ಮನೆಯ ಗೋಡೆ ತಟ್ಟಿ, ಬಂದ ಸದ್ದಿನ ಮೇಲೆ ಒಳಗಿರುವವರು ಯಾರೆಂದು ಊಹಿಸಿದಂತೆ ತಿಳಿಯಬೇಕು. ನಡೆಸುವ ತರಂಗ ಓದುವ ತರಂಗದೊಳಗೆ ಸೋರಿತೋ, ಉತ್ತರ ಕಸ. ಇಲ್ಲಿ ಎರಡೂ ಕೆಲಸ ಅವಳ ಒಂದೇ ಬೆರಳಿನದು. ಮೇಜಿನ ಕೆಳಗೆ ಹಳೆಯ ರೇಡಿಯೋದಲ್ಲಿರುವಂಥ ಹಲ್ಲಿನ ಗಾಲಿಯೊಂದಿತ್ತು. ಪ್ರಭುಲಿಂಗಪ್ಪ "ಚಾ ತರ್ರಿ" ಎಂದು ಕೂಗಿದರೆ ಅವಳು ಅದನ್ನು ಒಂದು ಹಲ್ಲು ಕೆಳಕ್ಕೆ ಸರಿಸಬೇಕು. ಅಂಕಿ ಇಳಿಯಿತೆಂದರೆ ಕಾಯಿಗೆ ಬಣ್ಣ ಸಾಲದು, ದರ್ಜೆ ಕೆಳಗೆ. ರೈತರು ಅನುಮಾನಪಟ್ಟರೆ ಅವಳು ಹೌದೆಂದು ತಲೆಯಾಡಿಸಬೇಕು. ಬಾಯಿಯೇ ಇಲ್ಲದ ಎಂ.ಎಸ್ಸಿ. ಹುಡುಗಿ ಸಿಕ್ಕಿದ್ದು ತನ್ನ ಪುಣ್ಯವೆಂದು ಅವನು ಅವಳೆದುರಿಗೇ ಹೇಳಿಕೊಳ್ಳುತ್ತಿದ್ದ.

ಆ ದಿನ ಮೊದಲು ಬಂದವಳು ಗಳಗನಾಥದ ಮೈಲವ್ವ. ಅವಳ ಡಬ್ಬಿ ತಳಿಯ ಮೆಣಸಿನಕಾಯಿಯ ಬೀಜ ರಾಣೆಬೆನ್ನೂರಿನ ಅಂಗಡಿಯಲ್ಲಿ ಕೊಂಡದ್ದಲ್ಲ; ಅತ್ತೆಯ ಕಾಲದಿಂದ ಬೂದಿಯಲ್ಲಿ ಕಲಸಿ, ಗಡಿಗೆಯಲ್ಲಿ ಕಾಪಾಡಿಕೊಂಡು ಬಂದದ್ದು. ಸುತ್ತಲಿನ ನಾಲ್ಕೂರಿನ ಹೆಂಗಸರು ಬೀಜಕ್ಕೆ ಅವಳ ಮನೆಗೇ ಬರುತ್ತಿದ್ದರು. ಸುಧಾರಾಣಿ ಅವಳ ಕಾಯಿಯ ಪುಡಿ ತುಂಬಿದ ಬಾಟಲಿಯನ್ನು ಪೆಟ್ಟಿಗೆಯೊಳಗೆ ಇಟ್ಟಳು.

"ನೂರಾ ಅರವತ್ತೆರಡು," ಎಂದಳು ಮೈಲವ್ವ. "ಅಂಕಿ ಓದಾಕ ಬರತೈತ್ರಿ ನನಗ."

"ಏ, ಅವ್ವಾರಿಗೆ ಚಾ ತರ್ರಿ!" ಪ್ರಭುಲಿಂಗಪ್ಪ ಹೊರಗೆ ಕೂಗಿದ. "ಮೇಡಂ, ಇನ್ನೊಮ್ಮೆ ನೋಡ್ರಿ. ಮಶಿನ್ ಈಗ ಎದ್ದೈತಿ, ಇನ್ನಾ ಮೈ ಮುರಿಯಾಕತ್ತೈತಿ."

ಬೆರಳು ಸರಿಯಿತು. ನೂರಾ ನಲವತ್ತೇಳು.

"ಅದ ಬಾಟ್ಲಿ ಮತ್ತ ಇಡವಾ ತಂಗಿ."

"ಇನ್ನೊಂದ್ ಚಾ ತರ್ರಿ!"

ನೂರಾ ಮೂವತ್ತೊಂದು.

ಪ್ರಭುಲಿಂಗಪ್ಪ ನಾಲಿಗೆ ಲೊಚಗುಟ್ಟಿದ. "ಡಬ್ಬಿ ಅಲ್ಲಬೇ ಇದು, ಬೆರಕಿ. ನಿನ್ನ ಬೀಜನ ಕೆಟ್ಟೈತಿ. ಮೇಡಂ, ಬೆರಕಿ ಅಂತ ಚೀಟಿ ಬರೀರಿ."

"ನಮ್ಮತ್ತಿ ಇಟ್ಟ ಬೀಜ ಕೆಟ್ಟೈತಿ?" ಮೈಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸಾವ್ಕಾರ್ರ, ನಿಮ್ಮ ಮಶಿನ್ಯಾಗ ಕುಂತಲ್ಲೇ ನನ್ನ ಕಾಯಿಗೆ ಮುಪ್ಪು ಬಂತೇನ್ರಿ? ಎರಡು ಚಾಕ್ಕ ಇಷ್ಟು ಇಳೀತಂದ್ರ, ಊಟಕ್ಕ ನಿಂತ್ರ ಬೆಳ್ಳಗಾಗತಾವೇನ?"

ಅವನು ಹೊಟ್ಟೆ ಕುಣಿಸಿ ನಕ್ಕ. "ಕ್ವಾಂಟಂ ಅಂದ್ರ ಹಂಗ ಬೇ. ನೋಡಿದಾಗೊಮ್ಮೆ ಬದಲಾಗತೈತಿ. ವಿಜ್ಞಾನ ಅದು. ನಿನಗೂ ತಿಳಿಯಂಗಿಲ್ಲ, ನನಗೂ ತಿಳಿಯಂಗಿಲ್ಲ. ಮೇಡಂ ಅದನ್ನ ಓದ್ಯಾರ, ಕೇಳು. ಹೌದಲ್ರಿ ಮೇಡಂ?"

ಸುಧಾರಾಣಿಯ ತಲೆ ಅರ್ಧ ಬಾಗಿಯಾಗಿತ್ತು. ಅಲ್ಲಿಯೇ ನಿಂತಿತು. ಗಾಲಿಯ ಸುಳ್ಳನ್ನು ಅವಳು ಇಷ್ಟು ದಿನ ಹೇಗೋ ನುಂಗಿದ್ದಳು. ಈಗ ಈ ಮನುಷ್ಯ ಅದನ್ನು ಅವಳ ಕ್ಯೂಬಿಟ್ಟಿನ ಬಾಯಿಗೂ ತುರುಕುತ್ತಿದ್ದ. ಎರಡು ವರ್ಷ ರಾತ್ರಿ ಹಗಲೆನ್ನದೆ ಕಲಿತ ಒಂದೇ ಒಂದು ಸಂಗತಿ, ಈ ಕುಕ್ಕರಿನಂಥ ಪೆಟ್ಟಿಗೆಯ ಪರವಾಗಿ ಸಾಕ್ಷಿ ಹೇಳಲು ಬಂದು ನಿಂತಿತ್ತು.

ಮೈಲವ್ವ ಅವನ ಕಡೆ ನೋಡಲೇ ಇಲ್ಲ. ಬಾಟಲಿಯನ್ನು ಹೊರತೆಗೆದು ಸುಧಾರಾಣಿಯ ಮುಂದೆ ಇಟ್ಟಳು. "ನೀ ಹೇಳ ತಂಗಿ. ಓದಿದಾಕಿ ಅದೀ. ನೀ ಹೌದಂದ್ರ, ಇವತ್ತ ಊರಿಗೆ ಹೋಗಿ ಬೀಜದ ಗಡಿಗಿ ಹೊಳಿಗೆ ಸುರುವತೇನಿ. ಮಂದಿಗೆ ಕೆಟ್ಟ ಬೀಜ ಕೊಟ್ಟ ಪಾಪ ನನಗ ಬ್ಯಾಡ."

"ಲಗೂ ಹೇಳ್ರಿ ಮೇಡಂ, ಚಾ ಆರಾಕತ್ತೈತಿ," ಎಂದ ಪ್ರಭುಲಿಂಗಪ್ಪ.

ಸುಧಾರಾಣಿ ಬಲಗೈಯನ್ನು ಮೇಜಿನ ಕೆಳಗಿನಿಂದ ತೆಗೆದು, ಎಲ್ಲರಿಗೂ ಕಾಣುವಂತೆ ಬಾಟಲಿಯ ಪಕ್ಕದಲ್ಲಿ ಇಟ್ಟಳು. ತೋರುಬೆರಳ ತುದಿಗೆ ಗಾಲಿಯ ಎಣ್ಣೆ ಕಪ್ಪಗೆ ಮೆತ್ತಿತ್ತು.

"ಖರೇ ಕ್ವಾಂಟಂನಾಗ, ಒಮ್ಮೆ ಅಳದಿದ್ದು ಕೂಡಲೇ ಮತ್ತ ಅಳದ್ರ ಅದ ಉತ್ತರ ಬರತೈತ್ರಿ," ಎಂದಳು. ಅವಳಿಗೆ ಇಷ್ಟು ದೊಡ್ಡ ದನಿಯಿದೆಯೆಂದು ಚಾ ಹಿಡಿದು ಬಾಗಿಲಲ್ಲಿ ನಿಂತವನಿಗೂ ಗೊತ್ತಿರಲಿಲ್ಲ. "ಬದಲಾಗಿದ್ದು ಈ ಅವ್ವಾರ ಕಾಯಿ ಅಲ್ರಿ, ನನ್ನ ಬೆರಳು."