ಮೂಟೆಯ ಕಲೆ

"ಹೆತ್ತೆ, ಮೆಲ್ಲಗೆ! ನಾನೇನು ಪಾತ್ರೆನಾ?" ಬಚ್ಚಲಲ್ಲಿ ಹನ್ನೆರಡರ ಹರ್ಷಿಣಿ ಕಿರುಚಿದಳು. ಅವಳು ಹೆತ್ತೆ ಎಂದು ಕರೆಯುವ ಅಜ್ಜಿ ಕಡಲೆಹಿಟ್ಟು ಹಚ್ಚಿ ಮೊಮ್ಮಗಳ ಕತ್ತು ಉಜ್ಜುತ್ತಲೇ ಇದ್ದರು. "ಪಾತ್ರೆಯಾಗಿದ್ದರೆ ಇಷ್ಟೊತ್ತಿಗೆ ಹೊಳೀತಿತ್ತು. ಏನು ಕೊಳೆಯೇ ಇದು, ಹೋಗೋದೇ ಇಲ್ಲ!"

ಬಿಸಿನೀರಿನ ಕೊಡ ಹಿಡಿದು ಬಂದ ಸುಗನ್ಯಾ ಬಾಗಿಲಲ್ಲೇ ನಿಂತಳು. ಮಗಳ ಕತ್ತಿನ ಹಿಂದೆ ಮಖಮಲ್ಲಿನಂಥ ಒಂದು ಕಪ್ಪು ಪಟ್ಟಿ ಇತ್ತು. ಎಂಟು ತಿಂಗಳ ಹಿಂದೆ ತೀರಿಕೊಂಡ ಗಂಡ ಲೋಕೇಶನ ಕತ್ತಿನಲ್ಲೂ ಅದೇ ಇತ್ತು. ಟೀ ಎಲೆಯ ಮೂಟೆಯನ್ನು ಕತ್ತಿನ ಮೇಲೆ ಹೊತ್ತು ಹೊತ್ತು ಆದ ಕಲೆ ಎಂದು ಮನೆಯವರೆಲ್ಲ ನಂಬಿದ್ದರು. ನರ ಎದ್ದು ಕಾಣುವ ಅವನ ಗಟ್ಟಿ ತೋಳುಗಳನ್ನು ನೋಡಿ ಯಾರೂ ಕಾಯಿಲೆ ಎನ್ನಲಿಲ್ಲ. ಊಟಿಯ ಡಾಕ್ಟರು ಸುಗನ್ಯಾಳಿಗೆ ನಿಜ ಹೇಳುವಷ್ಟರಲ್ಲಿ ತಡವಾಗಿತ್ತು. "ಇದು ಜೀನಿನಲ್ಲೇ ಬಂದ ದೋಷ. ಕೊಬ್ಬು ಚರ್ಮದ ಕೆಳಗೆ ನಿಲ್ಲದೆ ಲಿವರಿಗೂ ರಕ್ತಕ್ಕೂ ಸೇರುತ್ತದೆ, ಸಕ್ಕರೆ ಏರುತ್ತದೆ. ಮಗುವಿಗೂ ಬರಬಹುದಮ್ಮ, ಕತ್ತು ಹೀಗೆ ಕಪ್ಪಾಗುತ್ತದೆಯೇ ನೋಡುತ್ತಿರಿ."

"ಇವಳಪ್ಪನ ಕತ್ತೂ ಹೀಗೇ ಇತ್ತು," ಅಜ್ಜಿ ಮೆಲ್ಲಗೆ ನಕ್ಕರು. "ಮದುವೆಯ ದಿನವೂ ಉಜ್ಜಿದ್ದೆ. ಮೂಟೆಯ ಕಲೆ, ಅಷ್ಟು ಸುಲಭಕ್ಕೆ ಹೋಗುತ್ತಾ?"

ಸುಗನ್ಯಾ ಕೊಡ ಕೆಳಗಿಟ್ಟು ಮಗಳ ತೋಳನ್ನು ಚಿವುಟಿ ಹಿಡಿದಳು. ಬೆರಳುಗಳ ನಡುವೆ ಬರಿಯ ಚರ್ಮ ಸಿಕ್ಕಿತು, ಕೊಬ್ಬಿನ ಸುಳಿವೇ ಇರಲಿಲ್ಲ.

"ಮಾಮಿ," ಎಂದು ಅತ್ತೆಯನ್ನು ಕರೆದಳು. "ಇವಳು ಒಂದು ದಿನವೂ ಮೂಟೆ ಹೊತ್ತಿಲ್ಲ."

ಅಜ್ಜಿಯ ಕೈ ಮೊಮ್ಮಗಳ ಕತ್ತಿನ ಮೇಲೆಯೇ ನಿಂತುಬಿಟ್ಟಿತು.