ಇಪ್ಪತ್ತಮೂರು ಸಾಲಿನ ರಂಗೋಲಿ

ಹಳೆಯ ಗಣಕಯಂತ್ರದ ಪರದೆಯ ಮೇಲೆ ರಂಗೋಲಿಯ ಅರ್ಧ ಭಾಗವೇ ಇರಲಿಲ್ಲ. ಉಳಿದ ಅರ್ಧವೂ ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಚೆದುರಿ, ಹಲ್ಲುದುರಿದ ಬಾಚಣಿಗೆಯಂತೆ ಹಸಿರು ಬೆಳಕಿನಲ್ಲಿ ನಿಂತಿತ್ತು. ಹೆಬ್ಬಾಳದ ಮೇಲ್ಸೇತುವೆಗೆ ಎದುರಾದ ಆ ಕಚೇರಿಯ ಏಳನೆಯ ಅಂತಸ್ತಿಗೆ ಉದ್ಘಾಟನೆಯ ದೀಪ ಬೆಳಗಲೆಂದು ಬಂದಿದ್ದ ದಾಕ್ಷಾಯಣಿಯವರು, ಕೈಗೆ ಕೊಟ್ಟ ಹೂಗುಚ್ಛವನ್ನು ಕುರ್ಚಿಯ ಮೇಲಿಟ್ಟು ಅದನ್ನೇ ನೋಡಿದರು. ಕೆಳಗೆ ಅಂಟಿಸಿದ ಹಿತ್ತಾಳೆ ಫಲಕದಲ್ಲಿ ಮಾತ್ರ ಒಂದಕ್ಷರವೂ ತಪ್ಪಿರಲಿಲ್ಲ: ‘ರಚನೆ: ಎಚ್. ದಾಕ್ಷಾಯಣಿ, ೧೯೮೭’.

ಆಗ ಅವರು ಯಶವಂತಪುರದ ಕಾರ್ಖಾನೆಯೊಂದರ ಗಣಕ ವಿಭಾಗದಲ್ಲಿದ್ದರು. ಆಯುಧಪೂಜೆಯ ದಿನ ಲೇತಿಗೆ, ಲಾರಿಗೆ, ಗೇಟಿನ ಬೀಗಕ್ಕೂ ಅರಿಸಿನ ಕುಂಕುಮ ಸಲ್ಲುತ್ತಿತ್ತು. ಗಣಕಯಂತ್ರಕ್ಕೆ ಮಾತ್ರ ಪುಡಿ ಸೋಕಕೂಡದೆಂದು ಅಪ್ಪಣೆ. ದಾಕ್ಷಾಯಣಿಯವರು ಚೌಕಳಿ ಕಾಗದದಲ್ಲಿ ಎಣಿಸಿಕೊಂಡು, ಚುಕ್ಕಿ, ನಕ್ಷತ್ರ, ಅಡ್ಡಗೆರೆಗಳಿಂದಲೇ ಪರದೆಯ ಮೇಲೆ ರಂಗೋಲಿ ಇಟ್ಟರು. ಅಗಲಕ್ಕೆ ಎಪ್ಪತ್ತೊಂಬತ್ತು ಅಕ್ಷರ, ಎತ್ತರಕ್ಕೆ ಇಪ್ಪತ್ತಮೂರು ಸಾಲು, ಹನ್ನೆರಡನೆಯ ಸಾಲಿನ ನಟ್ಟನಡುವೆ ದೀಪ. ಮೂವತ್ತೊಂದು ವರ್ಷ ಅವರು ಬೆರಳಚ್ಚಿಸಿದ್ದೆಲ್ಲ ಬೇರೆಯವರ ಅಂಕಿಗಳು. ತಮ್ಮದೆಂದು ತೋರಿಸಬಹುದಾದದ್ದು ಇದೊಂದೇ. ಅದೇ ಬಗೆಯ, ಪರದೆ-ಕೀಲಿಮಣೆಗಳ ಹಳೆಯ ಟರ್ಮಿನಲ್ಲೊಂದನ್ನು ಈ ಕಂಪನಿ ಗೊರಗುಂಟೆಪಾಳ್ಯದ ಗುಜರಿಯಿಂದ ತಂದು, ರಂಗೋಲಿಯನ್ನು ಅವರ ಹೆಸರಿನಲ್ಲೇ ತೋರಿಸುವೆವೆಂದು ಮಾತು ಕೊಟ್ಟದ್ದಕ್ಕೆ, ಜೋಪಾನವಾಗಿಟ್ಟಿದ್ದ ಚೌಕಳಿ ಕಾಗದವನ್ನು ಕೊಟ್ಟಿದ್ದರು.

“ಇದು ಕೆಟ್ಟಿದೆಯಲ್ಲಪ್ಪ” ಎಂದರು.

ಕಾರ್ಯಕ್ರಮದ ಹೊಣೆ ಹೊತ್ತ ಅಭಿರಾಮ್ ನಕ್ಕ. ಅವನ ಗಡ್ಡಕ್ಕಿದ್ದ ಅಚ್ಚುಕಟ್ಟು ಅವನ ತಿಳಿವಳಿಕೆಗಿರಲಿಲ್ಲ. “ಕೆಟ್ಟಿಲ್ಲ ಮೇಡಂ, ಅದೇ ಅದರ ಬ್ಯೂಟಿ! ಹಳೇ ಮಷೀನ್ ಅಂದ್ರೆ ಹಿಂಗೇ ಇರ್ಬೇಕು. ಫುಲ್ ವಿಂಟೇಜ್ ಫೀಲ್.”

“ಆಗ ಹಿಂಗಿರ್ಲಿಲ್ಲ.”

“ಮೂವತ್ತೆಂಟು ವರ್ಷ ಆಯ್ತಲ್ಲ ಮೇಡಂ, ನಿಮಗೆ ಮರ್ತುಹೋಗಿರುತ್ತೆ.”

ದಾಕ್ಷಾಯಣಿಯವರು ಸಾಲುಗಳನ್ನು ಎಣಿಸಿದರು. ಪರದೆಯಲ್ಲಿ ಹನ್ನೊಂದು ಸಾಲುಗಳಿದ್ದವು. ಲೆಕ್ಕ ಮೂರನೆಯ ತರಗತಿಯದು. ಸಾಲು ಮುಗಿದಾಗಲೆಲ್ಲ ಯಂತ್ರ ಒಂದು ಮೆಟ್ಟಿಲಿನ ಬದಲು ಎರಡು ಮೆಟ್ಟಿಲು ಇಳಿಯುತ್ತಿದೆ, ಇಪ್ಪತ್ತಮೂರು ನಲವತ್ತಾರಾಗುತ್ತಿದೆ, ಪರದೆಗೆ ಹಿಡಿಸುವುದು ಇಪ್ಪತ್ತನಾಲ್ಕೇ. ಮೊದಲ ಹನ್ನೆರಡು ಸಾಲು ದೀಪ ಸಮೇತ ಮೇಲಿನಿಂದ ಆಚೆಗೆ ಹೋಗಿವೆ.

“ಹಿಂದ್ಗಡೆ ಎಂಟು ಪುಟ್ಟ ಸ್ವಿಚ್ ಇವೆ. ಮೂರನೇದು ಸಾಲು ಇಳಿಸೋದು; ಅದು ಮೇಲಿರುತ್ತೆ, ಕೆಳಗೆ ಮಾಡಿ. ಅಷ್ಟೇ.”

“ಅಯ್ಯೋ, ಮುಟ್ಬೇಡಿ ಮೇಡಂ! ಚೇರ್ಮನ್ ಸರ್ ಅಪ್ರೂವ್ ಮಾಡಿರೋದೇ ಇದನ್ನ. ಟೀ-ಶರ್ಟ್ ನಾನೂರು ಪ್ರಿಂಟ್ ಹಾಕ್ಸಿದೀವಿ.” ಅವನ ಎದೆಯ ಮೇಲೂ ಅದೇ ಹನ್ನೊಂದು ಸಾಲುಗಳಿದ್ದವು. ಹೊಟ್ಟೆ ಉಬ್ಬಿದ ಕಡೆ ಅವು ಇನ್ನಷ್ಟು ದೂರ ದೂರ ಸರಿದಿದ್ದವು.

ಲಿಫ್ಟಿನ ಬಾಗಿಲು ತೆರೆದ ಸದ್ದಾಗಿ, ಅಭಿರಾಮ್ ಚೇರ್ಮನ್ನರನ್ನು ಎದುರುಗೊಳ್ಳಲು ಓಡಿದ. ದಾಕ್ಷಾಯಣಿಯವರು ತುರುಬಿನಿಂದ ಪಿನ್ನೊಂದನ್ನು ತೆಗೆದು, ಯಂತ್ರದ ಬೆನ್ನಿಗೆ ಕೈ ಚಾಚಿ, ಬೆರಳಿನಿಂದಲೇ ಎಣಿಸಿ, ಮೂರನೆಯದನ್ನು ಒತ್ತಿದರು. ಅರ್ಧ ನಿಮಿಷಕ್ಕೊಮ್ಮೆ ಹೊಸದಾಗಿ ಮೂಡುವ ಚಿತ್ರ ಮತ್ತೆ ಮೂಡತೊಡಗಿತು: ಒಂದರ ಕೆಳಗೊಂದು, ಬಿರುಕಿಲ್ಲದೆ, ಇಪ್ಪತ್ತಮೂರು ಸಾಲು. ಎಡಕ್ಕೆಷ್ಟೋ ಬಲಕ್ಕಷ್ಟು. ನಡುವೆ ದೀಪ. ಪಿನ್ನನ್ನು ಮತ್ತೆ ತುರುಬಿಗೆ ಸಿಕ್ಕಿಸಿಕೊಳ್ಳುವುದನ್ನೂ ಮರೆತು ಅವರು ನಿಂತರು.

ಚೇರ್ಮನ್ ಬದರೀನಾಥರು ಅತಿಥಿಗಳೊಡನೆ ಬಂದು ಪರದೆಯನ್ನು ನೋಡಿದರು; ಅಭಿರಾಮನ ಎದೆಯನ್ನು ನೋಡಿದರು; ಮತ್ತೆ ಪರದೆಯನ್ನು ನೋಡಿದರು.

“ಏನ್ರೀ ಅಭಿರಾಮ್, ಇವತ್ತೇ ಕೈ ಕೊಡ್ತಾ ನಿಮ್ಮ ಮಷೀನು?”

“ಒಂದ್ನಿಮಿಷ ಸರ್, ಒಂದೇ ನಿಮಿಷ!” ಅಭಿರಾಮ್ ಯಂತ್ರದ ಹಿಂದೆ ಬಗ್ಗಿದ. ಮೂರನೆಯ ಸ್ವಿಚ್ಚು ಎಲ್ಲಿದೆಯೆಂದು ಅವನಿಗೆ ಆಗಲೇ ಹೇಳಿಕೊಟ್ಟಾಗಿತ್ತು. ಚಿತ್ರ ಅಳಿಸಿಹೋಗಿ ಹೊಸದಾಗಿ ಮೂಡಿತು. ದೀಪ ಮೇಲಕ್ಕೇರಿ ಮರೆಯಾಯಿತು. ಹನ್ನೊಂದು ಸಾಲು ಉಳಿದವು. ಎಲ್ಲರೂ ಚಪ್ಪಾಳೆ ತಟ್ಟಿದರು.

ದಾಕ್ಷಾಯಣಿಯವರು ಚಪ್ಪಾಳೆ ನಿಲ್ಲುವವರೆಗೂ ಕಾಯಲಿಲ್ಲ. ಕೈಯಲ್ಲಿದ್ದ ಪಿನ್ನನ್ನು ಫಲಕದ ಅಂಚಿಗೆ ತೂರಿಸಿ ಮೀಟಿದರು. ಹಿತ್ತಾಳೆಯ ಹಾಳೆ ಅಂಟಿನ ಸಮೇತ ಕಿತ್ತು ಬಂತು.

“ಮೇಡಂ, ಮೇಡಂ! ಅದು ನಿಮ್ಮ ಹೆಸರು!”

“ಅದಕ್ಕೇ ತಗೊಂಡೆ” ಎಂದು ಅದನ್ನು ಕೈಚೀಲಕ್ಕೆ ಹಾಕಿಕೊಂಡರು.

ಬದರೀನಾಥರು ಗೊಂದಲಕ್ಕೆ ಬಿದ್ದರು. “ಅಲ್ಲಮ್ಮ, ಮತ್ತೆ ಇದನ್ನ ಯಾರು ಮಾಡಿದ್ದು ಅಂತ ಬರ್ಸೋಣ?”

“ಈಗ ಮಾಡಿದ್ರಲ್ಲ, ಇವರ ಹೆಸರೇ ಹಾಕ್ಸಿ” ಎಂದು ಅಭಿರಾಮನತ್ತ ಗದ್ದದಿಂದಲೇ ತೋರಿಸಿ, ದಾಕ್ಷಾಯಣಿಯವರು ಲಿಫ್ಟಿನ ಕಡೆಗೆ ನಡೆದರು.

ಅಭಿರಾಮನ ಮುಖ ಅರಳಿತು. “ಸರ್, ನನ್ನ ಇನಿಷಿಯಲ್ ಹೆಸರಿನ ಹಿಂದೆ ಬರ್ಬೇಕು, ಮುಂದೆ ಬೇಡ” ಎಂದ.